ಪುರುಷರ ಸೂಪರ್-ಜಿ: ಅಭ್ಯಾಸದ ಓಟವೇ ಇಲ್ಲದ ಸ್ಪರ್ಧೆಯಲ್ಲಿ ಒಂದು ಪೂರ್ಣ ಸೆಕೆಂಡಿನ ಅಂತರ ಹೇಗೆ ಬಂತು?

ಕೈಮರ ಓದುಗ (ಚಿಕ್ಕಮಗಳೂರು), ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. 2025ರ ಫೆಬ್ರುವರಿಯಲ್ಲಿ ಆಸ್ಟ್ರಿಯಾದ ಸಾಲ್‌ಬಾಖ್‌ನಲ್ಲಿ ನಡೆದ ವಿಶ್ವ ಆಲ್ಪೈನ್ ಸ್ಕೀ ಚಾಂಪಿಯನ್‌ಷಿಪ್‌ನ ಪುರುಷರ ಸೂಪರ್-ಜಿ (ಗೇಟುಗಳ, ಅಂದರೆ ಹಾದಿಯನ್ನು ಗುರುತಿಸುವ ಕಂಬಗಳ, ನಡುವೆ ಸ್ಕೀ ಮೇಲೆ ಬೆಟ್ಟದಿಂದ ಒಮ್ಮೆ ಮಾತ್ರ ವೇಗವಾಗಿ ಇಳಿಯುವ) ಸ್ಪರ್ಧೆಯ ವಿಡಿಯೊವನ್ನು ಈಚೆಗೆ ಪೂರ್ತಿಯಾಗಿ ನೋಡಿದೆ. ಸ್ವಿಟ್ಜರ್ಲೆಂಡಿನ ಮಾರ್ಕೊ ಒಡರ್ಮಾಟ್ ಗೆದ್ದರು. ಎರಡನೆಯವರಾದ ಆಸ್ಟ್ರಿಯಾದ ರಾಫಾಯೆಲ್ ಹಾಸರ್ ಅವರಿಗಿಂತ ಅವರು ಸರಿಯಾಗಿ ಒಂದು ಸೆಕೆಂಡ್ ಮುಂದಿದ್ದರು. ನಾರ್ವೆಯ ಆಡ್ರಿಯನ್ ಸ್ಮೀಸೆತ್ ಸೆಯರ್‌ಸ್ಟೆಡ್ ಕಂಚು ಗೆದ್ದರು.

ಇದಕ್ಕೂ ಎರಡು ವರ್ಷ ಮೊದಲು, 2023ರಲ್ಲಿ, ಫ್ರಾನ್ಸಿನ ಕೂರ್ಶೆವೆಲ್‌ನಲ್ಲಿ ಕೆನಡಾದ ಜೇಮ್ಸ್ ಕ್ರಾಫರ್ಡ್ ಇದೇ ಸ್ಪರ್ಧೆಯಲ್ಲಿ ನಾರ್ವೆಯ ಅಲೆಕ್ಸಾಂಡರ್ ಆಮೋಟ್ ಕಿಲ್ಡೆ ಅವರನ್ನು ಸೋಲಿಸಿದ್ದು ಕೇವಲ 0.01 ಸೆಕೆಂಡಿನಿಂದ. ಒಂದೇ ಬಗೆಯ ಸ್ಪರ್ಧೆಯಲ್ಲಿ ಒಮ್ಮೆ ಕೂದಲೆಳೆಯ ಅಂತರ, ಇನ್ನೊಮ್ಮೆ ಇಷ್ಟು ದೊಡ್ಡ ಅಂತರ ಏಕೆ? ಸ್ಕೀಯಿಂಗ್‌ನ ಅತಿ ವೇಗದ ಸ್ಪರ್ಧೆಯಾದ ಡೌನ್‌ಹಿಲ್‌ನಲ್ಲಿ ಅಭ್ಯಾಸದ ಓಟಗಳಿರುತ್ತವೆ, ಸೂಪರ್-ಜಿಯಲ್ಲಿ ಒಂದೂ ಇರುವುದಿಲ್ಲ ಎನ್ನುತ್ತಾರೆ. ಹಾಗಿದ್ದರೆ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹಿಂದೆಂದೂ ಇಳಿಯದ ಹಾದಿಯಲ್ಲಿ ಇಳಿಯುವವರು ಏನನ್ನು ನಂಬಿ ಇಳಿಯುತ್ತಾರೆ? ಹಿಮವನ್ನೇ ಕಾಣದ ಊರಿನವನ ಪ್ರಶ್ನೆಯಾದರೂ ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ರ್‍ಯಾಲಿ ಸಹಚಾಲಕ (ಚಿಕ್ಕಮಗಳೂರು), ಉತ್ತರ:

ಕೈಮರದವರೇ, ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಸೂಪರ್-ಜಿಯ ಜೀವಾಳ ಇರುವುದೇ ಅಲ್ಲಿ. ನಮ್ಮ ಜಿಲ್ಲೆಯ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ನಡೆಯುವ ಕಾರ್ ರ್‍ಯಾಲಿಗಳಲ್ಲಿ ನಾನು ಚಾಲಕನ ಪಕ್ಕ ಕೂರುವವನು. ಸ್ಪರ್ಧೆಗೆ ಮುಂಚೆ ಆ ದಾರಿಯಲ್ಲಿ ನಿಧಾನವಾಗಿ ಹೋಗಿ, ಯಾವ ತಿರುವು ಎಷ್ಟು ಕಡಿದು, ದಿಬ್ಬದ ಆಚೆ ದಾರಿ ಯಾವ ಕಡೆ ಹೊರಳುತ್ತದೆ ಎಂದು ಬರೆದುಕೊಳ್ಳುತ್ತೇವೆ. ಸ್ಪರ್ಧೆಯಲ್ಲಿ ನಾನು ಓದುತ್ತಾ ಹೋಗುತ್ತೇನೆ, ಚಾಲಕ ಆ ಮಾತನ್ನು ನಂಬಿ ಕಾರು ಬಿಡುತ್ತಾನೆ. ಸೂಪರ್-ಜಿಯಲ್ಲಿ ಬರೆಯುವವನು, ಓದುವವನು, ಓಡಿಸುವವನು ಎಲ್ಲವೂ ಒಬ್ಬನೇ, ಅದೂ ಕೈಯಲ್ಲಿ ಹಾಳೆಯಿಲ್ಲದೆ.

ಡೌನ್‌ಹಿಲ್‌ನಲ್ಲಿ ಸ್ಪರ್ಧಿ ಕನಿಷ್ಠ ಒಂದು ಅಭ್ಯಾಸದ ಓಟದಲ್ಲಿ ಪಾಲ್ಗೊಳ್ಳಲೇಬೇಕೆಂಬ ನಿಯಮವಿದೆ. ಹತ್ತಿರ ಹತ್ತಿರ ನೆಟ್ಟ ಗೇಟುಗಳ ನಡುವೆ ತಿರುಗುತ್ತಾ ಇಳಿಯುವ ಜೈಂಟ್ ಸ್ಲಾಲಮ್‌ನಲ್ಲಿ ಅಭ್ಯಾಸವಿಲ್ಲ, ಆದರೆ ಅಲ್ಲಿ ವೇಗ ಕಡಿಮೆ, ಜೊತೆಗೆ ಎರಡು ಸುತ್ತುಗಳಿರುವುದರಿಂದ ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದವನು ಎರಡನೆಯದರಲ್ಲಿ ಮೇಲೆ ಬರಬಹುದು. 1980ರ ದಶಕದ ಆರಂಭದಲ್ಲಿ ಈ ಎರಡರ ನಡುವೆ ಹುಟ್ಟಿದ ಸೂಪರ್-ಜಿ ವೇಗವನ್ನು ಡೌನ್‌ಹಿಲ್‌ನಿಂದ ಪಡೆಯಿತು, ಅಭ್ಯಾಸವಿಲ್ಲದ ಕಟ್ಟಳೆಯನ್ನು ಜೈಂಟ್ ಸ್ಲಾಲಮ್‌ನಿಂದ ಪಡೆಯಿತು, ಎರಡನೆಯ ಸುತ್ತಿನ ಅವಕಾಶವನ್ನು ಮಾತ್ರ ಯಾವುದರಿಂದಲೂ ಪಡೆಯಲಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ಗೆ ಇದು ಸೇರಿದ್ದು 1987ರಲ್ಲಿ, ಸ್ವಿಟ್ಜರ್ಲೆಂಡಿನ ಕ್ರಾನ್ಸ್-ಮೊಂಟಾನಾದಲ್ಲಿ. ಅಲ್ಲಿ ಗೆದ್ದವರು ಅದೇ ದೇಶದ ಪಿರ್ಮಿನ್ ತ್ಸುರ್‌ಬ್ರಿಗೆನ್. ಮರುವರ್ಷ ಕ್ಯಾಲ್ಗರಿಯಲ್ಲಿ ಒಲಿಂಪಿಕ್ಸ್‌ಗೂ ಬಂತು, ಚಿನ್ನ ಫ್ರಾನ್ಸಿನ ಫ್ರಾಂಕ್ ಪಿಕಾರ್ ಅವರಿಗೆ ದಕ್ಕಿತು.

ಗೇಟುಗಳನ್ನು ಎಲ್ಲಿ ನೆಡಬೇಕೆಂದು ತೀರ್ಮಾನಿಸುವವನು ಸ್ಪರ್ಧೆಯಲ್ಲಿರುವ ಯಾವುದಾದರೊಂದು ದೇಶದ ತರಬೇತುದಾರ. ಸ್ಪರ್ಧೆಯ ದಿನ ಬೆಳಗ್ಗೆ ಸ್ಪರ್ಧಿಗಳು ನಿಗದಿತ ಅವಧಿಯೊಳಗೆ ಹಾದಿಯನ್ನು ಪರಿಶೀಲಿಸಬೇಕು. ಆಗ ಗೇಟುಗಳ ನಡುವೆ ಸ್ಪರ್ಧೆಯ ರೀತಿಯಲ್ಲಿ ಇಳಿಯುವಂತಿಲ್ಲ. ಸ್ಕೀಗಳನ್ನು ಅಡ್ಡವಾಗಿಟ್ಟು ಬದಿಯಲ್ಲಿ ಮೆಲ್ಲಗೆ ಜಾರುತ್ತಾ ಬರಬೇಕು. ಅವರ ವಿಡಿಯೊ ಸಿಕ್ಕರೆ ಖಂಡಿತ ನೋಡಿ. ಒಬ್ಬೊಬ್ಬರೂ ಗೇಟಿನ ಪಕ್ಕ ನಿಂತು, ಮೇಲೊಮ್ಮೆ ಕೆಳಗೊಮ್ಮೆ ನೋಡಿ, ಕಣ್ಣು ಮುಚ್ಚಿಕೊಂಡು, ಅಂಗೈಯನ್ನು ಗಾಳಿಯಲ್ಲಿ ಎಡಕ್ಕೂ ಬಲಕ್ಕೂ ವಾಲಿಸುತ್ತಾ ಇಡೀ ಹಾದಿಯನ್ನು ಮನಸ್ಸಿನಲ್ಲೇ ಇಳಿಯುತ್ತಿರುತ್ತಾರೆ. ಏಕೆಂದರೆ ಉಬ್ಬಿನ ಆಚೆಗಿರುವ ಗೇಟು ಓಟದ ವೇಗದಲ್ಲಿ ಕಾಣಿಸುವುದಿಲ್ಲ. ಅದು ಕಾಣುವ ಮೊದಲೇ, ಗಾಳಿಗೆ ನೆಗೆಯುವಾಗಲೇ, ದೇಹವನ್ನು ಸರಿಯಾದ ದಿಕ್ಕಿಗೆ ತಿರುಗಿಸಿರಬೇಕು. ಕಂಡ ಮೇಲೆ ತಿರುಗುತ್ತೇನೆ ಎಂದವನು ಆ ಗೇಟನ್ನು ತಪ್ಪಿಸಿಕೊಂಡಂತೆಯೇ, ಗೇಟು ತಪ್ಪಿದರೆ ಸ್ಪರ್ಧೆಯಿಂದಲೇ ಹೊರಗೆ.

ಭೌತಶಾಸ್ತ್ರ ಉಪನ್ಯಾಸಕಿ (ಹಾಸನ), ಉತ್ತರ:

ಸಹಚಾಲಕರು ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 27.8 ಮೀಟರ್. ಆ ವೇಗದಲ್ಲಿ 0.01 ಸೆಕೆಂಡ್ ಎಂದರೆ ಸುಮಾರು 28 ಸೆಂಟಿಮೀಟರ್. ಪುರುಷರ ಸೂಪರ್-ಜಿ ಸ್ಕೀ ಎರಡು ಮೀಟರಿಗಿಂತ ಉದ್ದವಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಕಿಲ್ಡೆ ಚಿನ್ನವನ್ನು ಕಳೆದುಕೊಂಡ ಅಂತರ ಎಷ್ಟು ಕಿರಿದೆಂದು ಗೊತ್ತಾಗುತ್ತದೆ. ಅದೇ ಒಂದು ಸೆಕೆಂಡ್ ಎಂದರೆ ಹತ್ತಿರ ಹತ್ತಿರ 28 ಮೀಟರ್.

ಅಂತರ ಬೆಳೆಯುವ ಬಗೆಯನ್ನು ಅರಿಯಲು ಹಾದಿಯ ಚಪ್ಪಟೆ ಭಾಗಗಳನ್ನು ಗಮನಿಸಬೇಕು. ಕಡಿದಾದ ಜಾಗದಲ್ಲಿ ಮಾಡಿದ ಸಣ್ಣ ತಪ್ಪಿನಿಂದ ಕಳೆದುಕೊಂಡ ವೇಗವನ್ನು ಗುರುತ್ವ ಬೇಗನೆ ಮರಳಿ ಕೊಡುತ್ತದೆ. ಆದರೆ ಚಪ್ಪಟೆ ಭಾಗಕ್ಕೆ ಇಳಿಯುವ ಮುನ್ನಿನ ಕೊನೆಯ ತಿರುವಿನಲ್ಲಿ ಸ್ಕೀಯ ಅಂಚು ಹಿಮವನ್ನು ಕೊರೆದುಕೊಂಡು ಹೋಗದೆ ಒಂದಿಷ್ಟು ಅಡ್ಡ ಜಾರಿತೆಂದರೆ, ಆ ಕಡಿಮೆ ವೇಗದಲ್ಲಿಯೇ ಮುಂದಿನ ಚಪ್ಪಟೆಯನ್ನೆಲ್ಲ ದಾಟಬೇಕಾಗುತ್ತದೆ. ಪ್ರತಿ ಮೀಟರಿಗೂ ಸಮಯ ಸೋರುತ್ತಲೇ ಇರುತ್ತದೆ, ಪ್ರತಿಸ್ಪರ್ಧಿಯೊಂದಿಗಿನ ಅಂತರವೂ ಹಿಗ್ಗುತ್ತಲೇ ಹೋಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ತೂಕ ತಪ್ಪಿ ಕೈ ಚಾಚಿದರೆ ಅಥವಾ ಕುಗ್ಗಿದ ಭಂಗಿಯಿಂದ ಎದ್ದರೆ ಅದಕ್ಕೂ ಬೆಲೆ ತೆರಬೇಕು.

ಎರಡು ಹಾದಿಗಳ ಉದ್ದವೂ ಒಂದೇ ಆಗಿರಲಿಲ್ಲ. ಕೂರ್ಶೆವೆಲ್‌ನಲ್ಲಿ ಕ್ರಾಫರ್ಡ್ ತೆಗೆದುಕೊಂಡ ಸಮಯ 1 ನಿಮಿಷ 7 ಸೆಕೆಂಡಿನಷ್ಟು, ಸಾಲ್‌ಬಾಖ್‌ನಲ್ಲಿ ಒಡರ್ಮಾಟ್ ತೆಗೆದುಕೊಂಡದ್ದು 1 ನಿಮಿಷ 24 ಸೆಕೆಂಡಿನಷ್ಟು. ಓಟ ಉದ್ದವಾದಷ್ಟೂ ತಪ್ಪುಗಳಿಗೆ ಎಡೆ ಹೆಚ್ಚು, ತಪ್ಪೇ ಮಾಡದವನಿಗೆ ಲಾಭವೂ ಹೆಚ್ಚು. ಆದರೂ ಇದರಿಂದಷ್ಟೇ ಒಂದು ಪೂರ್ಣ ಸೆಕೆಂಡನ್ನು ವಿವರಿಸಲು ಬರುವುದಿಲ್ಲ. ಹಾಸರ್ ಅವರಿಗೂ ಕಂಚು ಗೆದ್ದ ಸೆಯರ್‌ಸ್ಟೆಡ್ ಅವರಿಗೂ ನಡುವೆ ಇದ್ದದ್ದು 0.15 ಸೆಕೆಂಡ್ ಮಾತ್ರ. ಅಂದರೆ ಉಳಿದವರೆಲ್ಲ ಎಂದಿನ ಸೂಪರ್-ಜಿಯನ್ನೇ ಆಡಿದರು. ಆ ದಿನ ಒಡರ್ಮಾಟ್ ಒಬ್ಬರೇ ಬೇರೆ ಮಟ್ಟದಲ್ಲಿದ್ದರು ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಕೈಮರ ಓದುಗ (ಚಿಕ್ಕಮಗಳೂರು):

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಡಂ, ಚಪ್ಪಟೆ ಭಾಗದ ವಿವರಣೆ ಓದಿದ ಮೇಲೆ ವಿಡಿಯೊವನ್ನು ಮತ್ತೆ ನೋಡಿದೆ; ಪರದೆಯ ಮೇಲಿನ ಅಂತರದ ಅಂಕಿ ಎಲ್ಲಿ ಬೆಳೆಯುತ್ತದೆ ಎಂಬುದು ಈಗ ಅರ್ಥವಾಗುತ್ತಿದೆ. ಇನ್ನೊಂದು ಸಂಶಯ ಉಳಿದಿದೆ. ಅಭ್ಯಾಸವಿಲ್ಲದಿರುವಾಗ ಮೊದಲು ಇಳಿಯುವವರಿಗೆ ಅನ್ಯಾಯವಾಗುವುದಿಲ್ಲವೇ? ಹಿಂದಿನವರ ತಪ್ಪನ್ನು ನೋಡಿ ಇಳಿಯುವವರಿಗೆ ಅನುಕೂಲವಲ್ಲವೇ? ಇದರಲ್ಲಿ ಅದೃಷ್ಟದ ಪಾಲು ಎಷ್ಟು?

ಸಕಲೇಶಪುರದ ಕ್ರೀಡಾಸಕ್ತ, ಉತ್ತರ:

ಅನುಕೂಲವೂ ಇದೆ, ಅನಾನುಕೂಲವೂ ಇದೆ. ಹಾದಿಯ ಬದಿಯಲ್ಲಿ ನಿಂತಿರುವ ತರಬೇತುದಾರರು, ಮೊದಲು ಇಳಿದವರು ಎಲ್ಲಿ ಎಡವಿದರು, ಯಾವ ಗೇಟಿಗೆ ಇನ್ನೂ ಎತ್ತರದಿಂದ ಬರಬೇಕು ಎಂಬುದನ್ನು ವಾಕಿಟಾಕಿಯಲ್ಲಿ ಮೇಲಕ್ಕೆ ತಿಳಿಸುತ್ತಾರೆ; ಆರಂಭದ ಗುಡಿಸಲಿನಲ್ಲಿ ಕಾಯುತ್ತಿರುವವನು ಆ ಮಾತು ಕೇಳಿ ಬೆಳಗ್ಗೆ ಮಾಡಿಕೊಂಡ ಯೋಜನೆಯನ್ನು ತಿದ್ದಿಕೊಳ್ಳಬಹುದು. ಆದರೆ ಒಬ್ಬೊಬ್ಬರು ಇಳಿದಂತೆ ಹಿಮದ ಮೇಲೆ ಗೀರು ಬೀಳುತ್ತದೆ, ಬಿಸಿಲೇರಿದರೆ ಮೇಲ್ಮೈ ಮೆತ್ತಗಾಗುತ್ತದೆ. ಹಾಗೆಂದು ತಡವಾಗಿ ಇಳಿದವರು ಸೋತೇ ಸೋಲುತ್ತಾರೆ ಎಂದೇನಿಲ್ಲ. 2018ರ ಪ್ಯೋಂಗ್‌ಚಾಂಗ್ ಒಲಿಂಪಿಕ್ಸ್‌ನ ಮಹಿಳೆಯರ ಸೂಪರ್-ಜಿಯಲ್ಲಿ ಚೆಕ್ ದೇಶದ ಎಸ್ತೆರ್ ಲೆಡೆಟ್ಸ್ಕಾ 26ನೆಯವರಾಗಿ ಇಳಿದು 0.01 ಸೆಕೆಂಡಿನಿಂದ ಚಿನ್ನ ಗೆದ್ದರು.

ಒಂದೇ ದಿನ, ಒಂದೇ ಇಳಿತ ಎಂಬ ಕಟ್ಟಳೆಯಿಂದಾಗಿ ಈ ಸ್ಪರ್ಧೆ ಯಾರೂ ನಿರೀಕ್ಷಿಸದವರಿಗೂ ಒಲಿದಿದೆ. 2007ರಲ್ಲಿ ಸ್ವೀಡನ್ನಿನ ಓರೆಯಲ್ಲಿ ವಿಶ್ವ ಚಾಂಪಿಯನ್ ಆದ ಇಟಲಿಯ ಪ್ಯಾಟ್ರಿಕ್ ಸ್ಟೌಡಾಖರ್ ತಮ್ಮ ಕ್ರೀಡಾಜೀವನದಲ್ಲಿ ಒಂದು ವಿಶ್ವಕಪ್ ಸ್ಪರ್ಧೆಯನ್ನೂ ಗೆದ್ದವರಲ್ಲ. ಕ್ರಾಫರ್ಡ್ ಕೂಡ ಕೂರ್ಶೆವೆಲ್‌ಗೆ ಬಂದಾಗ ಇನ್ನೂ ಒಂದೇ ಒಂದು ವಿಶ್ವಕಪ್ ಸ್ಪರ್ಧೆಯನ್ನೂ ಗೆದ್ದಿರಲಿಲ್ಲ. ನನಗೆ ಇದು ಅದೃಷ್ಟ ಎನಿಸುವುದಿಲ್ಲ. ಆ ಒಂದು ಬೆಳಗ್ಗೆ ಬೆಟ್ಟವನ್ನು ಉಳಿದವರಿಗಿಂತ ಚೆನ್ನಾಗಿ ಓದಿದವರಿಗೆ ಸಿಕ್ಕ ನ್ಯಾಯವಾದ ಫಲ ಅದು. ಋತುವಿಡೀ ನಡೆಯುವ ವಿಶ್ವಕಪ್‌ನಲ್ಲಿ ಚಿತ್ರ ಬೇರೆ: 2023, 2024, 2025 ಮೂರೂ ವರ್ಷ ಸೂಪರ್-ಜಿಯ ಒಟ್ಟು ಪ್ರಶಸ್ತಿ ಒಡರ್ಮಾಟ್ ಅವರದೇ. ಅಂಥವರು ಕೂಡ 2023ರ ಚಾಂಪಿಯನ್‌ಷಿಪ್‌ನಲ್ಲಿ ಡೌನ್‌ಹಿಲ್ ಮತ್ತು ಜೈಂಟ್ ಸ್ಲಾಲಮ್ ಎರಡರಲ್ಲೂ ಚಿನ್ನ ಗೆದ್ದರೂ ಸೂಪರ್-ಜಿಯಲ್ಲಿ ನಾಲ್ಕನೆಯವರಾಗಿ ಉಳಿದರು. ಈ ಸ್ಪರ್ಧೆಯಲ್ಲಿ ಅವರಿಗೆ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಪದಕ ಸಿಕ್ಕಿದ್ದು ನೀವು ನೋಡಿದ ಸಾಲ್‌ಬಾಖ್‌ನ ಆ ಓಟದಲ್ಲಿಯೇ.