ಬೀದರ್‌ನಲ್ಲಿ ಬೆಂಜೀನ್ ಅಳತೆ: ಪ್ಯಾಸಿವ್ ಟ್ಯೂಬು ಪಂಪಿಗಿಂತ ಹೆಚ್ಚು ತೋರಿಸುತ್ತಿದೆ

ಪ್ರಶ್ನೆ (ಬೀದರ್):
ಎಲ್ಲರಿಗೂ ನಮಸ್ಕಾರ. ಕೊಳಾರ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಗಾಳಿಯಲ್ಲಿರುವ ಬೆಂಜೀನ್ ಆವಿಯನ್ನು ಅಳೆಯಲು, ಕಾರ್ಬೋಪ್ಯಾಕ್ ಎಕ್ಸ್ (ಆವಿಯನ್ನು ಹಿಡಿದಿಡುವ ಇಂಗಾಲದ ಪುಡಿ) ತುಂಬಿದ ಪ್ಯಾಸಿವ್ ಟ್ಯೂಬುಗಳನ್ನು (ಪಂಪಿಲ್ಲದೆ ತಾವೇ ಆವಿ ಹೀರುವ ಕೊಳವೆಗಳನ್ನು) 14 ದಿನ ತೂಗುಹಾಕಿ, ಅದೇ ಕಂಬದಲ್ಲಿ ಅದೇ ಅವಧಿಗೆ ಪಂಪಿನಿಂದಲೂ ಮಾದರಿ ತೆಗೆಯುತ್ತಿದ್ದೇವೆ. ಪ್ಯಾಸಿವ್ ಫಲಿತಾಂಶ ಪ್ರತಿ ಸಲವೂ ಶೇ. 15ರಷ್ಟು ಹೆಚ್ಚು ಬರುತ್ತಿದೆ. ಬ್ಲ್ಯಾಂಕ್ ಟ್ಯೂಬುಗಳು (ಹೋಲಿಕೆಗಾಗಿ ಮುಚ್ಚಿಯೇ ಇಟ್ಟವು) ಸ್ವಚ್ಛವಾಗಿವೆ, ಜೋಡಿ ಟ್ಯೂಬುಗಳು ಪರಸ್ಪರ ಹೊಂದುತ್ತಿವೆ, ಪಂಪಿನ ಹರಿವನ್ನು ಆರಂಭದಲ್ಲೂ ಕೊನೆಯಲ್ಲೂ ಪರೀಕ್ಷಿಸಿದ್ದೇವೆ. ಸರಾಸರಿ ಉಷ್ಣತೆ 35 ಡಿಗ್ರಿ. ಲೆಕ್ಕಕ್ಕೆ ಹಿಡಿದ ಹೀರಿಕೆಯ ದರ (ಟ್ಯೂಬು ನಿಮಿಷಕ್ಕೆ ಎಷ್ಟು ಗಾಳಿಯಲ್ಲಿನ ಬೆಂಜೀನ್ ಹಿಡಿಯುತ್ತದೆ ಎಂಬುದು) ನಿಮಿಷಕ್ಕೆ 0.67 ಮಿ.ಲೀ. ಈ ದರವನ್ನು ನಮ್ಮ ಊರಿಗೆ ತಕ್ಕಂತೆ ಏರಿಸಿಕೊಳ್ಳಬಹುದೇ?

ಉತ್ತರ (ಕಲಬುರಗಿ):
ಸರ್, ದಯವಿಟ್ಟು ದರವನ್ನು ಈಗಲೇ ಮುಟ್ಟಬೇಡಿ. 0.67 ಎಂಬುದು 25 ಡಿಗ್ರಿ ಉಷ್ಣತೆ ಮತ್ತು 760 ಮಿ.ಮೀ. (ಪಾದರಸ) ಒತ್ತಡಕ್ಕೆ ಕೊಟ್ಟ ದರ. ಅನಿಲವು ಟ್ಯೂಬಿನೊಳಗೆ ಹರಡುವ ವೇಗ ನಿರಪೇಕ್ಷ ಉಷ್ಣತೆಯ ಸುಮಾರು 1.75ನೇ ಘಾತದಂತೆ ಏರುತ್ತದೆ, ಒತ್ತಡಕ್ಕೆ ವಿಲೋಮವಾಗಿರುತ್ತದೆ. ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿಯ ಒತ್ತಡ 700 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಉಷ್ಣತೆಯಿಂದ ಶೇ. 6, ಒತ್ತಡದಿಂದ ಶೇ. 8.6 ಹೆಚ್ಚಿ, ನಿಜವಾದ ದರ ಶೇ. 15ರಷ್ಟು ಮೇಲೇರುತ್ತದೆ; ಆದರೂ 0.67ರಿಂದಲೇ ಭಾಗಿಸಿದರೆ ಫಲಿತಾಂಶ ಅಷ್ಟೇ ಹೆಚ್ಚು ಕಾಣುತ್ತದೆ. ನಿಮ್ಮ ವ್ಯತ್ಯಾಸವೂ ಅಷ್ಟೇ ಅಲ್ಲವೇ? ಪಂಪು ಎಳೆದ ಗಾಳಿಯ ಗಾತ್ರವನ್ನು ಸ್ಥಳದ ಸ್ಥಿತಿಯಲ್ಲೇ ಬಿಟ್ಟಿದ್ದೀರೋ, ಪ್ರಮಾಣಿತ ಸ್ಥಿತಿಗೆ (25 ಡಿಗ್ರಿ, 760 ಮಿ.ಮೀ.) ತಂದಿದ್ದೀರೋ ತಿಳಿಸಿ.

ಪ್ರಶ್ನೆ (ಬೀದರ್):
ಗಾತ್ರವನ್ನು ಪರಿವರ್ತಿಸಿಲ್ಲ, ಪ್ರಯೋಗಾಲಯ ಕೊಟ್ಟ ನಮೂನೆಯಲ್ಲಿ ಆ ಕಾಲಂ ಇಲ್ಲ. ಮೊಬೈಲಿನ ಹವಾಮಾನ ಆ್ಯಪ್ 1008 ಹೆಕ್ಟೋಪಾಸ್ಕಲ್ ತೋರಿಸುತ್ತಿದೆ, ಅದನ್ನೇ ಬಳಸಿದರಾಯಿತೇ?

ಉತ್ತರ (ಕಲಬುರಗಿ):
ಬೇಡ ಸರ್. ಅದು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಒತ್ತಡ. ನಿಮಗೆ ಬೇಕಾದದ್ದು ಕಂಬದ ಬಳಿಯ ನಿಜವಾದ ಒತ್ತಡ, ಅಂದರೆ ಸುಮಾರು 932 ಹೆಕ್ಟೋಪಾಸ್ಕಲ್. ಆ ಒತ್ತಡ ಹಿಡಿದು ಪಂಪಿನ ಗಾತ್ರವನ್ನು ಪ್ರಮಾಣಿತ ಸ್ಥಿತಿಗೆ ತಂದರೆ ಪಂಪಿನ ಸಾಂದ್ರತೆ ಶೇ. 12ರಷ್ಟು ಏರುತ್ತದೆ. ಪ್ಯಾಸಿವ್ ಲೆಕ್ಕವನ್ನೂ ಅದೇ ಸ್ಥಿತಿಗೆ ತಂದಾಗ ಒತ್ತಡದ ಅಂಶ ಎರಡೂ ಕಡೆ ಕಳೆದುಹೋಗಿ, ಉಷ್ಣತೆಯ 0.75ನೇ ಘಾತದ ಸಣ್ಣ ತಿದ್ದುಪಡಿ ಮಾತ್ರ ಉಳಿಯುತ್ತದೆ. 35 ಡಿಗ್ರಿಗೆ ಅದು ಸುಮಾರು ಶೇ. 2.5. ಎಲ್ಲರೂ ಎಡವುವುದು ಇಲ್ಲಿಯೇ: ಒಂದನ್ನು ತಿದ್ದಿ, ಇನ್ನೊಂದನ್ನು ಹಾಗೆಯೇ ಬಿಡುತ್ತಾರೆ.

ಪ್ರತಿಕ್ರಿಯೆ (ಯಾದಗಿರಿ):
ಕಡೇಚೂರಿನ ಬಳಿ ನಮಗೆ ಕಂಡ ವ್ಯತ್ಯಾಸ ಇದಕ್ಕಿಂತ ಕಡಿಮೆ. ಇಲ್ಲಿಯ ಎತ್ತರ ಕಡಿಮೆ ಎಂಬುದು ಕಾರಣವಿರಬೇಕು.

ಉತ್ತರ (ಕಲಬುರಗಿ):
ಹೌದು ಮೇಡಂ, ಅದೇ ಕಾರಣ. ಇನ್ನೊಂದು ಮಾತು: ಬಿಸಿಲಿಗೆ ಕಾಯ್ದ ತಗಡಿನ ಮಳೆಗವಚದೊಳಗೆ ಟ್ಯೂಬು ಹೊರಗಿನ ಗಾಳಿಗಿಂತ ಬಿಸಿಯಾಗಿರುತ್ತದೆ. ಆದ್ದರಿಂದ ಉಷ್ಣತೆಯ ದಾಖಲೆ ಯಂತ್ರವನ್ನು ಟ್ಯೂಬಿನ ಪಕ್ಕದಲ್ಲೇ, ಕವಚದ ಒಳಗೆ ಇರಿಸಿ. ಎರಡೂ ಲೆಕ್ಕಗಳನ್ನು ಒಂದೇ ಸ್ಥಿತಿಗೆ ತಂದ ಮೇಲೂ ಅಂತರ ಉಳಿದರೆ ಮಾತ್ರ ದರದ ಪ್ರಶ್ನೆಯನ್ನು ಎತ್ತೋಣ.