4–5ನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನ್ ಸುರಕ್ಷತೆ: ಶನಿವಾರದ ಒಂದು ಪೀರಿಯಡ್‌ನಲ್ಲಿ ಏನು ಹೇಳಿಕೊಡೋದು?

ಬಾಗೇಪಲ್ಲಿ ಟೀಚರ್

ಎಲ್ಲರಿಗೂ ನಮಸ್ಕಾರ. ಬಾಗೇಪಲ್ಲಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 4 ಮತ್ತು 5ನೇ ತರಗತಿ ಸೇರಿ 26 ಮಕ್ಕಳು. ಶನಿವಾರ ಬೆಳಗ್ಗೆ 40 ನಿಮಿಷ ಸಿಗುತ್ತೆ, ಒಟ್ಟು ನಾಲ್ಕು ವಾರ. ಕಂಪ್ಯೂಟರ್ ಇಲ್ಲ. ಮಕ್ಕಳ ಹತ್ತಿರ ಸ್ವಂತ ಫೋನಿಲ್ಲ, ಆದರೆ ಸಂಜೆಯಾದ್ರೆ ಅಪ್ಪನದೋ ಅಣ್ಣನದೋ ಕೈಗೆ ಬರುತ್ತೆ: ಯೂಟ್ಯೂಬ್ ಶಾರ್ಟ್ಸ್, ಫ್ರೀ ಫೈರ್ ಮ್ಯಾಕ್ಸ್, ವಾಟ್ಸಾಪ್. "ಮೊಬೈಲ್ ಮುಟ್ಟಬೇಡಿ" ಅಂದ್ರೆ ತಲೆ ಆಡಿಸ್ತಾರೆ, ಅಷ್ಟೇ. ತರಗತಿಯಲ್ಲಿ ಏನು ಮಾಡಿಸಬಹುದು? ಮನೆಯ ಫೋನಿನಲ್ಲಿ ಏನೇನು ಸರಿಪಡಿಸಬೇಕು? ಮಗು ಏನಾದರೂ ಬಂದು ಹೇಳಿದರೆ ನಾವೇನು ಮಾಡಬೇಕು? ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ತೆಲುಗು ಮಾತು, ಅದೂ ಗಮನದಲ್ಲಿರಲಿ.

ಚಿಂತಾಮಣಿ ಸಿಆರ್‌ಪಿ

ಟೀಚರ್, ಕಂಪ್ಯೂಟರ್ ಇಲ್ಲದಿರೋದು ಇಲ್ಲಿ ಕೊರತೆಯೇ ಅಲ್ಲ. ಹಳೇ ನೋಟ್‌ಬುಕ್ಕಿನ ರಟ್ಟು ಅಂಗೈಯಗಲ ಕತ್ತರಿಸಿ, ಮೂರು ಕಡೆ ಅಂಟಿಸಿ ಜೇಬಿನ ಥರ ಮಾಡಿಸಿ. ಅದೇ ಫೋನು. ಒಳಗೆ ಚೀಟಿ ಹಾಕಿದರೆ ಮೆಸೇಜು. ಇಬ್ಬರಿಗೊಂದು ಅಂದ್ರೆ 13 ಫೋನು ಸಾಕು.

12 ಚೀಟಿ ಬರೀರಿ. ಅದರಲ್ಲಿ ಐದು ಮಾಮೂಲಿ ಮಾತೇ ಇರಬೇಕು: "ಅಜ್ಜಿ: ಊಟ ಆಯ್ತಾ ಕಂದಾ?", "ನಾಳೆ ಗಣಿತದ ಹೋಂವರ್ಕ್ ಯಾವ ಪುಟ?" ಇವನ್ನ ಬಿಟ್ಟು ಬರೀ ಕೆಟ್ಟ ಮೆಸೇಜೇ ಹಾಕಿದ್ರೆ ಎರಡೇ ನಿಮಿಷಕ್ಕೆ ಮಕ್ಕಳು ಎಲ್ಲದಕ್ಕೂ "ಬೇಡಾ" ಅಂತ ಕೂಗೋಕೆ ಶುರು ಮಾಡ್ತಾರೆ, ಯೋಚನೆ ನಿಂತುಹೋಗುತ್ತೆ. ಉಳಿದ ಏಳು ಹೀಗಿರಲಿ: "ನಿನ್ನ ಐಡಿ ಕೊಡು, ಡೈಮಂಡ್ ಹಾಕಿಸ್ತೀನಿ" (ಗೇಮಿನೊಳಗೆ ದುಡ್ಡು ಕೊಟ್ಟು ಕೊಳ್ಳೋ ಡೈಮಂಡ್), "ಈಗ ಬರೋ ಓಟಿಪಿ ಬೇಗ ಹೇಳು", "ನೀನು ಯಾವ ಸ್ಕೂಲು? ಎಷ್ಟು ಗಂಟೆಗೆ ಬಿಡ್ತಾರೆ?", "ಒಂದು ಫೋಟೋ ಕಳ್ಸು, ನಿಮ್ಮಮ್ಮಂಗೆ ಹೇಳ್ಬೇಡ".

"ಅಪರಿಚಿತರ ಜೊತೆ ಮಾತಾಡಬೇಡ" ಅನ್ನೋ ಪಾಠ ಈ ವಯಸ್ಸಿನಲ್ಲಿ ಕೆಲಸ ಮಾಡಲ್ಲ. ಗೇಮಿನಲ್ಲಿ ಮೂರು ದಿನ ಒಟ್ಟಿಗೆ ಆಡಿದವನು ಮಗುವಿನ ಲೆಕ್ಕದಲ್ಲಿ ಫ್ರೆಂಡು. ಕಾಟ ಕೊಡೋನು ಕೆಲವು ಸಲ ನಿಜಕ್ಕೂ ಗೊತ್ತಿರೋನೇ ಆಗಿರ್ತಾನೆ. ಅದಕ್ಕೇ ಆಳನ್ನ ಬಿಟ್ಟು ಮಾತನ್ನ ನೋಡೋಕೆ ಕಲಿಸಿ. ಗುಟ್ಟಾಗಿಡು ಅಂತಿದಾರಾ? ಅವಸರ ಮಾಡ್ತಿದಾರಾ? ಫೋಟೋ, ವಿಳಾಸ, ನಂಬರ್, ದುಡ್ಡು ಕೇಳ್ತಿದಾರಾ? ಮೂರರಲ್ಲಿ ಒಂದಕ್ಕೆ ಹೌದು ಅಂತ ಬಂದ್ರೂ ಫೋನ್ ಮಗುಚಿಟ್ಟು ದೊಡ್ಡವರ ಹತ್ತಿರ ತಗೊಂಡು ಹೋಗಬೇಕು. ಉತ್ತರ ಕೊಡಬಾರದು, ಅಳಿಸಲೂಬಾರದು. ಹೆದರಿದ ಮಗು ಮೊದಲು ಮಾಡೋದೇ ಡಿಲೀಟು, ಜೊತೆಗೆ ಪುರಾವೆನೂ ಹೋಗಿಬಿಡುತ್ತೆ.

ಇನ್ನು ಬಾಯಿಬಿಟ್ಟು ಹೇಳೋ ಅಭ್ಯಾಸ. "ಮಿಸ್, ಇದು ನಂಗೆ ಸರಿ ಅನ್ನಿಸ್ತಿಲ್ಲ, ಒಂಚೂರು ನೋಡಿ." ಈ ವಾಕ್ಯವನ್ನ ಒಂದೊಂದು ಮಗುವೂ ಎದ್ದು ಬಂದು, ರಟ್ಟಿನ ಫೋನ್ ನಿಮ್ಮ ಕೈಗೆ ಕೊಟ್ಟು ಹೇಳಲಿ. ಮಾತು ನಾಲಿಗೆ ಮೇಲೆ ಒಮ್ಮೆಯಾದರೂ ಹೊರಳಿರಬೇಕು, ಇಲ್ಲದಿದ್ದರೆ ಆ ಹೊತ್ತಿಗೆ ಗಂಟಲಿನಿಂದ ಹೊರಡಲ್ಲ. ಮೊದಲ ಎರಡು ವಾರ ಪೂರ್ತಿ ಇದಕ್ಕೇ ಕೊಡಿ.

ಮೂರನೇ ವಾರ ಫೋಟೋ. ಯೂನಿಫಾರ್ಮ್ ಹಾಕಿಕೊಂಡ ಮಗು ಮನೆ ಮುಂದೆ ನಿಂತ ಚಿತ್ರ ಬಿಡಿಸಿ, ಊರು-ಹೆಸರು ಬಿಟ್ಟುಕೊಡೋ ಜಾಗಗಳಿಗೆಲ್ಲ ಸುತ್ತು ಹಾಕಿಸಿ: ಐಡಿ ಕಾರ್ಡು, ಬೆಲ್ಟಿನ ಮೇಲಿನ ಶಾಲೆ ಹೆಸರು, ಬೈಕ್ ನಂಬರು, ಹಿಂದಿನ ಬೋರ್ಡು. ಹಾಗೇ ಶಾಲೆಯವರೂ ಪ್ರತಿಭಾ ಕಾರಂಜಿ ಫೋಟೋಗಳನ್ನ ಮಕ್ಕಳ ಪೂರ್ತಿ ಹೆಸರು ಹಾಕಿ ಫೇಸ್‌ಬುಕ್ಕಿಗೆ ಏರಿಸೋದು ನಿಲ್ಲಿಸಬೇಕು. ನಾವು ಮಾಡೋದನ್ನೇ ಮಕ್ಕಳು ಮಾಡೋದು.

ಶಿಡ್ಲಘಟ್ಟ ಮೊಬೈಲ್ ಸರ್ವಿಸ್

ಮನೆಯ ಆಂಡ್ರಾಯ್ಡ್ ಫೋನಿನ ವಿಷಯ ಹೇಳ್ತೀನಿ ಮೇಡಂ. ಹೆಸರುಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗ್ತವೆ.

ಮೊದಲು ದುಡ್ಡು. ಯುಪಿಐ ಪಿನ್ ಬೈಕ್ ನಂಬರೋ ಹುಟ್ಟಿದ ಇಸವಿಯೋ ಆಗಿರಬಾರದು, ಮಕ್ಕಳು ಅಂಗಡಿಯಲ್ಲಿ ಪಕ್ಕ ನಿಂತು ನೋಡಿಕೊಂಡಿರ್ತಾರೆ. ಪಿನ್ ಭದ್ರ ಅಂತ ನಂಬಿಕೊಂಡವರು ಮರೆಯೋದು ಯುಪಿಐ ಲೈಟ್, ಅಂದ್ರೆ ಸಣ್ಣ ಪಾವತಿಗೆ ಅಂತ ಆ್ಯಪಿನಲ್ಲೇ ಎತ್ತಿಟ್ಟ ಹಣ. ಅದರಲ್ಲಿ ಒಂದು ಸಲಕ್ಕೆ 1000 ರೂಪಾಯಿ ತನಕ ಪಿನ್ ಇಲ್ಲದೇ ಹೋಗುತ್ತೆ. ಮಕ್ಕಳ ಕೈಗೆ ಹೋಗೋ ಫೋನಿನಲ್ಲಿ ಅದನ್ನ ಬಂದ್ ಮಾಡಿ, ಉಳಿದ ಹಣ ಖಾತೆಗೇ ವಾಪಸ್ ಬರುತ್ತೆ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳೋ ಹಾಗೆ ಇಡಿ. ಡೈಮಂಡ್ ಖರೀದಿ ನಿಲ್ಲೋದು ಅಲ್ಲೇ. ಮಕ್ಕಳಿಗೂ ಒಂದು ಮಾತು ಕಂಠಪಾಠ ಮಾಡಿಸಿ: ದುಡ್ಡು ಬರೋಕೆ ಪಿನ್ ಬೇಡ, ಪಿನ್ ಕೇಳಿದ್ರೆ ದುಡ್ಡು ಹೋಗ್ತಿದೆ ಅಂತ.

ಆಮೇಲೆ ಎಪಿಕೆ ಫೈಲು, ಅಂದ್ರೆ ಪ್ಲೇ ಸ್ಟೋರಿನ ಹೊರಗಿಂದ ಆ್ಯಪ್ ಹಾಕೋ ಫೈಲು. ಮದುವೆ ಕರೆಯೋಲೆ, ಪಿಎಂ ಕಿಸಾನ್ ಅಂತ ಹೆಸರಿಟ್ಟುಕೊಂಡು ವಾಟ್ಸಾಪಿನಲ್ಲಿ ಬರುತ್ತೆ. ಮಗು ಒತ್ತಿ, ಕೇಳಿದ್ದಕ್ಕೆಲ್ಲ "ಅಲೌ" ಕೊಟ್ಟರೆ ಎಸ್‌ಎಂಎಸ್ ಓದೋ ಅನುಮತಿ ಹೋಗುತ್ತೆ, ಓಟಿಪಿ ಅವರ ಕೈಗೆ ಸಿಗುತ್ತೆ. ಹಾಲಿನ ಬಿಲ್ಲು, ರೇಷ್ಮೆ ಗೂಡು ಮಾರಿದ ದುಡ್ಡು ಬರೋ ಖಾತೆನೂ ಅದೇ ನಂಬರಿಗೆ ಸೇರಿರುತ್ತೆ ಅನ್ನೋದು ನೆನಪಿರಲಿ. ಸೆಟ್ಟಿಂಗ್ಸ್‌ನಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಅಂತ ಹುಡುಕಿ, ವಾಟ್ಸಾಪ್, ಕ್ರೋಮ್, ಫೈಲ್ ಮ್ಯಾನೇಜರ್ ಮೂರಕ್ಕೂ ಅನುಮತಿ ತೆಗೆದುಬಿಡಿ.

ಫೋನ್ ಕೊಡೋವಾಗ ಆ್ಯಪ್ ಪಿನ್ನಿಂಗ್ ಮಾಡಿ ಕೊಡಿ, ಅಂದ್ರೆ ಒಂದೇ ಆ್ಯಪ್ ತೆರೆದಿರೋ ಹಾಗೆ ಕಟ್ಟಿಹಾಕಿ: ಸೆಕ್ಯುರಿಟಿಯಲ್ಲಿ ಆನ್ ಮಾಡಿ, "ಅನ್‌ಪಿನ್ ಮಾಡೋ ಮೊದಲು ಪಿನ್ ಕೇಳು" ಅನ್ನೋದಕ್ಕೂ ಟಿಕ್ ಹಾಕಿ. ಎರಡನೇದು ಬಿಟ್ಟರೆ ಬಟನ್ ಒತ್ತಿ ಹಿಡಿದು ಮಗು ಸಲೀಸಾಗಿ ಹೊರಗೆ ಬರುತ್ತೆ. ವೀಡಿಯೊಗೆ ಯೂಟ್ಯೂಬ್ ಕಿಡ್ಸ್ ಹಾಕಿ, 9–12 ವಯಸ್ಸು ಆರಿಸಿ. ಮಾಮೂಲಿ ಯೂಟ್ಯೂಬಿನಲ್ಲಿ ಅಪ್ಪ ರಾತ್ರಿ ನೋಡಿದ್ದರ ಜಾತಿಯದ್ದೇ ಮಗನಿಗೆ ಬೆಳಗ್ಗೆ ಬರ್ತಾ ಇರುತ್ತೆ. ವಾಟ್ಸಾಪಿನ ಚಾಟ್ಸ್ ಸೆಟ್ಟಿಂಗ್‌ನಲ್ಲಿ "ಮೀಡಿಯಾ ವಿಸಿಬಿಲಿಟಿ" ಆಫ್ ಮಾಡಿದ್ರೆ ಗ್ರೂಪಿಗೆ ಮುಂದೆ ಬರೋ ವೀಡಿಯೊಗಳು ಗ್ಯಾಲರಿಗೆ ಬೀಳಲ್ಲ. ಪ್ರೈವೆಸಿಯಲ್ಲಿ ಗ್ರೂಪ್ಸ್‌ಗೆ "ಮೈ ಕಾಂಟ್ಯಾಕ್ಟ್ಸ್" ಅಂತ ಇಡಿ.

ಮಕ್ಕಳ ರಕ್ಷಣೆ, ಚಿಕ್ಕಬಳ್ಳಾಪುರ

ಮೂರನೇ ಪ್ರಶ್ನೆಗೆ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930. ವಂಚಕರು ಡ್ರಾ ಮಾಡೋದರೊಳಗೆ ತಿಳಿಸಿದ್ರೆ ಹಣ ತಡೆಹಿಡಿಯೋ ಅವಕಾಶ ಇರುತ್ತೆ, ಹಾಗಾಗಿ ಮಗುವನ್ನ ಬಯ್ಯೋಕೆ ಕೂತ ಅರ್ಧ ಗಂಟೆ ಬಹಳ ದುಬಾರಿ. ಯುಪಿಐನ 12 ಅಂಕಿಯ ಯುಟಿಆರ್ (ವಹಿವಾಟಿನ ಗುರುತು) ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಬ್ಯಾಂಕು, ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳೋ) ಪೊಲೀಸ್ ಠಾಣೆ.

ಲೈಂಗಿಕ ಕಿರುಕುಳವೋ ಮಗುವಿನ ಖಾಸಗಿ ಫೋಟೋನೋ ಆದರೆ ದಾರಿ ಬೇರೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯೋ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿಯಲ್ಲಿ) ಕೂತು ಊರೊಳಗೇ ಮುಗಿಸೋಣ ಅನ್ನೋದಕ್ಕೆ ಅವಕಾಶವಿಲ್ಲ, ತಿಳಿಸದಿದ್ದರೆ 21ನೇ ಕಲಂನಡಿ ಅದೇ ಅಪರಾಧ.

ದಯವಿಟ್ಟು ಇದೊಂದು ತಪ್ಪು ಮಾಡಬೇಡಿ: "ಸಾಕ್ಷಿಗಿರಲಿ" ಅಂತ ಆ ಫೋಟೋವನ್ನ ಹೆಡ್‌ಮಾಸ್ಟರಿಗೋ ಟೀಚರ್ ಗ್ರೂಪಿಗೋ ಫಾರ್ವರ್ಡ್ ಮಾಡೋದು. ಐಟಿ ಕಾಯ್ದೆಯ 67ಬಿ ಪ್ರಕಾರ ಅಂಥ ಚಿತ್ರ ಕಳಿಸೋದು, ಡೌನ್‌ಲೋಡ್ ಮಾಡೋದು ಎರಡೂ ಅಪರಾಧ. ಫೋನ್ ಇದ್ದ ಹಾಗೇ ಎತ್ತಿಡಿ, ಪೊಲೀಸರ ಕೈಗೆ ಕೊಡಿ. ಮಗು ಹೇಳಿದ್ದನ್ನ ಅದರದೇ ಮಾತಿನಲ್ಲಿ ಒಮ್ಮೆ ಬರೆದುಕೊಳ್ಳಿ. ನಾಲ್ಕು ಜನ ನಾಲ್ಕು ಸಲ ಕೇಳಿದರೆ ಮಗು ಐದನೇ ಸಲಕ್ಕೆ "ಏನೂ ಆಗಿಲ್ಲ" ಅನ್ನುತ್ತೆ.

ಬಾಗೇಪಲ್ಲಿ ಟೀಚರ್

ತುಂಬಾ ಉಪಕಾರ ಆಯ್ತು. ಪೋಷಕರನ್ನ ಸೇರಿಸೋದು ಹೇಗೆ? ಸಭೆ ಕರೆದ್ರೆ ಐದಾರು ಜನಕ್ಕಿಂತ ಬರಲ್ಲ.

ಚಿಂತಾಮಣಿ ಸಿಆರ್‌ಪಿ

ಶಾಲೆಗೆ ಕರೀಬೇಡಿ, ನೀವೇ ಡೈರಿ ಹತ್ತಿರ ಹೋಗಿ. ಸಂಜೆ ಹಾಲು ಹಾಕೋಕೆ ಸಾಲು ನಿಂತಾಗ ಹತ್ತು ನಿಮಿಷ ಸಾಕು, ಫೋನು ಅವರ ಜೇಬಿನಲ್ಲೇ ಇರುತ್ತೆ. ರೇಷ್ಮೆ ಹುಳ ಹಣ್ಣಾಗೋ (ಗೂಡು ಕಟ್ಟೋಕೆ ಬರೋ) ವಾರ ಮಾತ್ರ ಬೇಡ. ಒಂದು ದಿನಕ್ಕೆ ಒಂದೇ ಸೆಟ್ಟಿಂಗ್, ಮೊದಲ ದಿನ ಯುಪಿಐ ಲೈಟ್.

ಅಲ್ಲೇ ಒಂದು ಮಾತು ಕೊಡಿಸಿ: ಮಗು ಬಂದು ಹೇಳಿದರೆ ಹೊಡೆಯಲ್ಲ, ಫೋನೂ ಕಿತ್ತುಕೊಳ್ಳಲ್ಲ. ತೆಲುಗು ಮನೆಯವರು "ಚೆಪ್ತೇ ಕೊಟ್ಟನು" (ಹೇಳಿದರೆ ಹೊಡೆಯಲ್ಲ) ಅಂತ ಮಗುವಿನ ಎದುರೇ ಹೇಳಲಿ. ಫೋನ್ ಕಿತ್ತುಕೊಳ್ತಾರೆ ಅನ್ನೋ ಭಯ ಇದ್ದರೆ ನಿಮ್ಮ ನಾಲ್ಕು ಪೀರಿಯಡ್ಡೂ ನೀರು ಪಾಲು. ನಾಲ್ಕನೇ ವಾರ ಸಾಧ್ಯವಾದಷ್ಟು ಅಮ್ಮಂದಿರನ್ನ ತರಗತಿಗೇ ಕರೆದು, ರಟ್ಟಿನ ಫೋನ್ ಅವರ ಕೈಗೆ ಕೊಡಿಸಿ ಅದೇ ವಾಕ್ಯ ಹೇಳಿಸಿ. ತಿಂಗಳಾದ ಮೇಲೆ ಹೇಳದೇ ಕೇಳದೇ ಮೂರು ಹೊಸ ಚೀಟಿ ಹಾಕಿ ನೋಡಿ. ಹಳೇ ಚೀಟಿ ಹಾಕಿದ್ರೆ ಉತ್ತರ ಬಾಯಿಪಾಠ ಬರುತ್ತೆ, ನಿಯಮ ತಲೆಗೆ ಹತ್ತಿದೆಯೋ ಇಲ್ಲವೋ ಗೊತ್ತಾಗಲ್ಲ.