ಮಗಳನ್ನ ಫಿಲಡೆಲ್ಫಿಯಾದ ಸಂವಿಧಾನ ಕಾರ್ಯಕ್ರಮಕ್ಕೆ ಕರ್ಕೊಂಡು ಹೋಗ್ಲಾ, ಸುಮ್ನಿರ್ಲಾ?

ಎಡಿಸನ್ ಅಮ್ಮ: ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು. ಸ್ಕೂಲಿಂದ ಫಿಲಡೆಲ್ಫಿಯಾದ ನ್ಯಾಷನಲ್ ಕಾನ್‌ಸ್ಟಿಟ್ಯೂಷನ್ ಸೆಂಟರ್‌ಗೆ ಹೋಗಿಬಂದ್ಲು, ಅವತ್ತಿಂದ ಅದೇ ಜಪ. ಊಟಕ್ಕೆ ಕೂತಾಗ "ತಾತ, ಈ ದೇಶದ ಸಂವಿಧಾನದ ಮೊದಲಲ್ಲೇ ವಿ ದ ಪೀಪಲ್ ಅಂತ ಬರೆದವರಲ್ಲೇ ಎಷ್ಟೋ ಜನ ಗುಲಾಮರನ್ನ ಇಟ್ಕೊಂಡಿದ್ರು, ಹಂಗಿದ್ರೆ ಆ ಪೀಪಲ್ ಯಾರು?" ಅಂದ್ಲು, ಮಾವನವರು ಮಜ್ಜಿಗೆ ಅನ್ನ ಬಿಟ್ಟು ಎದ್ದೋದ್ರು. ಈಗ ಅಲ್ಲಿ ನಡೆಯೋ ಚರ್ಚೆಗಳಿಗೆ ಕರ್ಕೊಂಡು ಹೋಗು ಅಂತ ಹಟ. ನಮ್ಮ ಗ್ರೀನ್ ಕಾರ್ಡೇ ಇನ್ನೂ ಕ್ಯೂನಲ್ಲಿದೆ, ನಮಗ್ಯಾಕೆ ಈ ರಾಜಕೀಯ ಅಂತಾರೆ ಯಜಮಾನ್ರು. ಅಲ್ಲಿ ಒಂದು ಪಾರ್ಟಿ ಕಡೆ ಎಳೀತಾರಾ? ಈ ವಯಸ್ಸಿಗೆ ಅರ್ಥ ಆಗುತ್ತಾ? ಕಾರಲ್ಲಿ ಹೋದ್ರೆ ಪಾರ್ಕಿಂಗ್ ಎಲ್ಲಿ?

ಪ್ಲೇನ್ಸ್‌ಬರೋ ಭಾವ: ಎಂಟನೇ ಕ್ಲಾಸಲ್ಲಿ ಆಲ್ಜೀಬ್ರಾ ಗಟ್ಟಿ ಮಾಡ್ಸಿ ಮೇಡಂ. ನಮ್ಮ ಮಗ ಅದನ್ನ ಆರನೇ ಕ್ಲಾಸಲ್ಲೇ ಮುಗಿಸಿದ್ದ.

ಚೆರಿ ಹಿಲ್ ಚಿಕ್ಕಮ್ಮ: ಅಕ್ಕಾ, ಧೈರ್ಯವಾಗಿ ಹೋಗಿ. ಅದು ಪಕ್ಷಾತೀತ ಸಂಸ್ಥೆ, 1988ರಲ್ಲಿ ಇಲ್ಲಿನ ಸಂಸತ್ತು, ಅಂದ್ರೆ ಅಮೆರಿಕದ ಕಾಂಗ್ರೆಸ್ಸೇ ಕಾನೂನು ಮಾಡಿ ಶುರು ಮಾಡಿಸಿದ್ದು, ಎರಡೂ ಕಡೆಯವರನ್ನ ಎದುರುಬದುರು ಕೂರಿಸಿ ಮಾತಾಡಿಸ್ತಾರೆ. ಮೊದಲು ಮನೇಲೇ ಆನ್‌ಲೈನ್‌ನಲ್ಲಿ ಒಂದು ಚರ್ಚೆ ನೋಡಿ, ದುಡ್ಡು ಕೊಡಬೇಕಿಲ್ಲ. ಅಲ್ಲಿಗೆ ಹೋದಾಗ ಸೈನರ್ಸ್ ಹಾಲ್‌ನಲ್ಲಿ ಸಂವಿಧಾನ ಬರೆದ ಸಭೆಯವರ ಆಳೆತ್ತರದ 42 ಕಂಚಿನ ಪ್ರತಿಮೆ ಇವೆ, ಆದ್ರೆ ಸಂವಿಧಾನಕ್ಕೆ ಸಹಿ ಹಾಕಿದವರು 39 ಜನ. ಉಳಿದ ಮೂವರು, ಮೇಸನ್, ಗೆರ್ರಿ, ರಾಂಡಾಲ್ಫ್, ಕೊನೇ ದಿನದವರೆಗೂ ಇದ್ದು ಸಹಿ ಹಾಕಲ್ಲ ಅಂದವರು. ಅವರನ್ನೂ ಜೊತೇಲೇ ನಿಲ್ಲಿಸಿದ್ದಾರೆ ನೋಡಿ, ನಂಗೆ ಅದೇ ಇಷ್ಟ ಆಗಿದ್ದು. ಇನ್ನು "ನಮಗ್ಯಾಕೆ" ಅನ್ನೋರಿಗೆ ಭಾರತದಿಂದ ಇಲ್ಲಿಗೆ ಬಂದ ಭಗತ್ ಸಿಂಗ್ ಥಿಂಡ್ ಅವರ ಕೇಸ್ ಓದೋಕೆ ಹೇಳಿ. 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು "ನೀನು ಬಿಳಿಯ ಅಲ್ಲ, ಪೌರತ್ವ ಇಲ್ಲ" ಅಂತು, ಅವರು ಮೊದಲನೇ ಮಹಾಯುದ್ಧದಲ್ಲಿ ಇದೇ ದೇಶದ ಸೈನ್ಯದಲ್ಲಿದ್ದವರು.

ಬಸವನಗುಡಿ ಹಳಬ: ಇದೆಲ್ಲ ಬೇರೆಯವರ ಮನೆ ಪುರಾಣ. ಮೊದಲು ಮಗೂಗೆ ಕನ್ನಡ ಓದೋಕೆ ಬರುತ್ತಾ ಕೇಳಿ. ಅಂಬೇಡ್ಕರ್ ಯಾರು ಅಂತ ಗೊತ್ತಿಲ್ಲದ ಮಗು ಇಲ್ಲಿನ ಸಂವಿಧಾನ ಬರೆದವರಲ್ಲಿ ಮುಖ್ಯನಾದ ಮ್ಯಾಡಿಸನ್ ಬಗ್ಗೆ ಭಾಷಣ ಕೇಳಿ ಏನ್ ಮಾಡುತ್ತೆ? 22 ವರ್ಷದಿಂದ ಹೇಳ್ತಾನೇ ಇದೀನಿ, ಭಾನುವಾರದ ಕನ್ನಡ ಶಾಲೆಗೆ ಕಳಿಸಿ ಅಂತ, ಬರೋದು ಏಳು ಮಕ್ಕಳು, ಬಿಸಿಬೇಳೆಬಾತ್ ಇದ್ದ ದಿನ ಮಾತ್ರ ಮೂವತ್ತು.

ಕುಡ್ಲ ಟು ಕನೆಕ್ಟಿಕಟ್: ಬೇರೆಯವರ ಪುರಾಣ ಅಲ್ಲ ಮಾರಾಯ್ರೆ. ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್ ಭಾರತದ ಸಂವಿಧಾನ ಸಭೆಯ ಸಲಹೆಗಾರರು, 1947ರಲ್ಲಿ ಇಲ್ಲಿಗೇ ಬಂದು ಇಲ್ಲಿನ ಸುಪ್ರೀಂ ಕೋರ್ಟಿನ ಜಸ್ಟಿಸ್ ಫ್ರಾಂಕ್‌ಫರ್ಟರ್‌ನ ಕಂಡು ಮಾತಾಡಿದ್ದು. ಈ 'ಡ್ಯೂ ಪ್ರಾಸೆಸ್', ಅಂದ್ರೆ ಸರಿಯಾದ ನ್ಯಾಯಕ್ರಮ ಇಲ್ಲದೆ ಯಾರ ಜೀವ, ಸ್ವಾತಂತ್ರ್ಯ ಕಿತ್ಕೊಳ್ಳೋ ಹಾಗಿಲ್ಲ ಅನ್ನೋ ಮಾತು, ಇಟ್ಕೊಳ್ಬೇಡಿ, ಆಮೇಲೆ ಕೋರ್ಟಿನದ್ದೇ ಕಾರುಬಾರು ಆಗ್ತದೆ ಅನ್ನೋ ಅರ್ಥದಲ್ಲಿ ಅವರು ಹೇಳಿದ್ದು. ಜೀವ, ಸ್ವಾತಂತ್ರ್ಯದ ಹಕ್ಕು ಕೊಡೋ ನಮ್ಮ 21ನೇ ವಿಧಿಯಲ್ಲಿ 'ಡ್ಯೂ ಪ್ರಾಸೆಸ್' ಅನ್ನೋ ಪದ ಇಲ್ಲ, ನೋಡಿ ಬೇಕಾದ್ರೆ. ಅಂಬೇಡ್ಕರ್ ಓದಿದ್ದೂ ಕೊಲಂಬಿಯಾದಲ್ಲಿ ಅಲ್ವಾ.

ಬಸವನಗುಡಿ ಹಳಬ: ಅದನ್ನೇ ಸ್ವಾಮಿ ನಾನೂ ಹೇಳಿದ್ದು, ನಮ್ಮವರ ಬಗ್ಗೆ ಮೊದಲು ತಿಳ್ಕೊಳ್ಳಿ ಅಂತ!

ಕುಡ್ಲ ಟು ಕನೆಕ್ಟಿಕಟ್: ನೀವು ಹೇಳಿದ್ದು ಅದಲ್ಲ.

ಧಾರವಾಡದಾಂವ: ನಾ ಸಿಟಿಜನ್‌ಶಿಪ್ ಟೆಸ್ಟಿಗೆ ನೂರು ಪ್ರಶ್ನಿ ಬಾಯಿಪಾಠ ಮಾಡಿದ್ದೆ ನೋಡ್ರಿ, ಆಗ ಹತ್ತು ಕೇಳತಿದ್ರು, ಆರು ಸರಿ ಹೇಳಿದ್ರ ಪಾಸ್. ಸಂವಿಧಾನ ಅಂದ್ರ ನನಗ ಅಷ್ಟ. ಮಗಾ ಹುಟ್ಟಿದ್ದ ಇಲ್ಲೆ, 1868ರ ಹದಿನಾಲ್ಕನೇ ತಿದ್ದುಪಡಿಯಿಂದ ಅವಂಗ ಪೌರತ್ವ ಬಂತು ಅಂತ ಅವನ ನನಗ ಹೇಳಿದ್ದ, ಹೈಸ್ಕೂಲಿನ್ಯಾಗ. ಸುಮ್ನ ಓದ್ಕೊ ಹೋಗ್ ಅಂದೆ. ಈಗ ಲಾ ಓದ್ಲಿಕ್ಕತ್ತಾನ, ಫೋನ್ ಮಾಡಿದ್ರ ಅಲ್ಲೆ ಸ್ನೋ ಬಿತ್ತೇನ್ ಅಪ್ಪಾ ಅಂತಾನ, ಇಟ್ಟ ಬಿಡ್ತಾನ. ತಂಗಿ, ಕರಕೊಂಡ್ ಹೋಗ್ರಿ.

ಪ್ಲೇನ್ಸ್‌ಬರೋ ಭಾವ: ಲಾ ಸ್ಕೂಲ್ ಫೀಸ್ ಎಷ್ಟಾಯ್ತು ಸಾರ್?

ಬಸವನಗುಡಿ ಹಳಬ: ಈ ವಾರ ಕನ್ನಡ ಶಾಲೆ ಇದೆ, ಪುಳಿಯೋಗರೆ. ದಯವಿಟ್ಟು ಮಕ್ಕಳನ್ನ ಕಳಿಸಿ.

ಎಡಿಸನ್ ಅಮ್ಮ: ಚಿಕ್ಕಮ್ಮ ಹೇಳಿದ ಹಾಗೆ ನಿನ್ನೆ ರಾತ್ರಿ ಒಂದು ಚರ್ಚೆ ಹಾಕಿದ್ವಿ. ಮಾವನವರೂ ಬಂದು ಕೂತ್ರು, ಆಮೇಲೆ ಆ ಸಹಿ ಹಾಕದೇ ಇದ್ದ ಮೂರು ಜನದ ಕಥೆ ಏನು ಅಂತ ಮೊಮ್ಮಗಳನ್ನೇ ಕೇಳ್ತಿದ್ರು. ಪಾರ್ಕಿಂಗ್ ಯಾರಾದ್ರೂ ಹೇಳಿ ಪ್ಲೀಸ್.

ಚೆರಿ ಹಿಲ್ ಚಿಕ್ಕಮ್ಮ: ಇಂಡಿಪೆಂಡೆನ್ಸ್ ವಿಸಿಟರ್ ಸೆಂಟರ್ ಕೆಳಗೇ ಇದೆ ಅಕ್ಕಾ, ಅಲ್ಲಿಂದ ನಡ್ಕೊಂಡೇ ಹೋಗಬಹುದು.